ಕಾಕು ಅವರ ಒಡಪು ವೆಬ್ ಪುಟಕ್ಕೆ ಹತ್ತಿದ ಬಗೆ

ಕಂಪ್ಯೂಟರಿನ ಮುಂದೆ ನಾನು ಕೂತಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಏನಾಯಿತು ಎಂಬುದು ಮಾತ್ರ ತಿಳಿಯುವುದಿಲ್ಲ.

ಗದಗಿನ ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವಳು ನಾನು. ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಬಾಯಿ ತುಂಬ ಕನ್ನಡ ಬೇಕೆಂದರೆ ತಾರ್ನಾಕದ ನಮ್ಮ ಮಹಿಳಾ ಮಂಡಳ. ಈಚೆಗೆ ಮಂಡಳಕ್ಕೊಂದು ವೆಬ್ ಪುಟ ಆಯಿತು. ಆರು ಮಂದಿ ಹಿರಿಯ ಹೆಂಗಸರು ಒಡಪು ಹೇಳುವ ವಿಡಿಯೊಗಳನ್ನು ಅದರಲ್ಲಿ ಕೂಡಿಸಬೇಕೆಂದು ಅಧ್ಯಕ್ಷೆ ವೈನಿ ಠರಾವು ಮಾಡಿದರು. ಗಂಡನ ಹೆಸರನ್ನು ಬರಿದೇ ಹೇಳದೆ, ಪ್ರಾಸ ಕಟ್ಟಿ ಅದರೊಳಗೆ ಇಟ್ಟು ಹೇಳುವುದೇ ಒಡಪು. ಕೆಲಸ ನನ್ನ ತಲೆಗೆ ಬಂತು. ಕಾರಣ, ನಮ್ಮ ಮನೆಯಲ್ಲಿ ಕಂಪ್ಯೂಟರೂ ಇದೆ, ಅದರ ಮುಂದೆ ಕೂರಿಸಲು ನಿವೃತ್ತ ಗಂಡನೂ ಇದ್ದಾರೆ.

ಎಲ್ಲರಿಗೂ ಇದು ಮಂಡಳದ ಕೆಲಸ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಮಂಡಳಕ್ಕೆಲ್ಲ ಚಿಕ್ಕಮ್ಮನಂತಿರುವ ಕಾಕು ಅವರಿಗೆ ಮಾತ್ರ ಇದು ಮನೆಯ ಕೆಲಸ. ಅವರ ಮದುವೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಿಸಿ ಒಡಪು ಹೇಳಿಸಿದಾಗ, ಗಂಡ ಕಾಕಾ ಅವರು ಕಳೆದುಹೋದ ಚಪ್ಪಲಿ ಹುಡುಕಲು ಹೋಗಿದ್ದರಂತೆ. ಆಮೇಲೆ ಹೇಳಿದ್ದೆಲ್ಲ ಅರಿಷಿಣ ಕುಂಕುಮದ ಹೆಂಗಸರ ನಡುವೆ. ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಆ ಮನುಷ್ಯ ಇವತ್ತಿನವರೆಗೆ ಕೇಳಿಲ್ಲ. ಎದುರಿಗೇ ಹೇಳಿಬಿಡಿ ಎಂದೆ.

“ಎದುರಿಗೆ ಹೆಂಗ ಹೇಳ್ಲೆವಾ? ನಾಚಿಕಿ ಬರಂಗಿಲ್ಲೇನು? ಕಂಪ್ಯೂಟರ್ ಹೇಳಿದ್ರ ನಂದೇನೂ ತಪ್ಪಿಲ್ಲ” ಎಂದರು ಕಾಕು.

ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಗಂಡಸರನ್ನೂ ಕರೆದು ಪುಟ ತೋರಿಸುವುದೆಂದು ಗೊತ್ತಾಯಿತು. ಅಷ್ಟರೊಳಗೆ ಆಗಬೇಕು.

ಶುಕ್ರವಾರದ ಕತ್ತರಿ

ಕಾಕು ಅವರ ವಿಡಿಯೊದಲ್ಲಿ ಒಡಪು ಇದ್ದದ್ದು ತುದಿಯಲ್ಲಿ. ಮೊದಲಿಗೆಲ್ಲ ಫ್ಯಾನು ಬಂದ್ ಮಾಡಿದಿರೇನು, ಹಾಲು ಇಳಿಸಿದಿರೇನು, ಸೆರಗು ಸರಿ ಇದೆಯೇನು ಎಂಬ ವಿಚಾರಣೆ. ಮೊದಲಿನದನ್ನೆಲ್ಲ ಕತ್ತರಿಸಬೇಕು ಎಂದರು ನಮ್ಮ ಮನೆಯವರು. ಕಾಕು ಅವರೂ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಇವರು ಏನನ್ನೋ ಒತ್ತಿದರು, ಪರದೆಯ ಮೇಲೆ ಕತ್ತರಿಯ ಚಿತ್ರ ಬಂತು. ಕಾಕು ಇವರ ಕೈ ಹಿಡಿದುಬಿಟ್ಟರು.

“ಇವತ್ತ ಶುಕ್ರವಾರ ಐತಿ. ಮುತ್ತೈದಿ ಮಾರಿ ಮುಂದ ಕತ್ತರಿ ತರಬ್ಯಾಡ್ರಿ.”

ಅದು ಕತ್ತರಿ ಅಲ್ಲ, ಬರೀ ಚಿತ್ರ ಎಂದು ಇವರು ತಿಳಿಸಿ ಹೇಳಿದರು. ಹಾಗಾದರೆ ಅದು ಕತ್ತರಿಸುವುದಿಲ್ಲವೇ ಎಂದು ಕಾಕು ಕೇಳಿದರು. ಕತ್ತರಿಸುತ್ತದೆ ಎಂದರು ಇವರು. ಮತ್ತೆ ಕತ್ತರಿ ಅಲ್ಲದೆ ಏನು ಎಂದು ಕಾಕು. ನನಗೂ ಕಾಕು ಹೇಳಿದ್ದೇ ಸರಿ ಎನಿಸಿತು.

ಶನಿವಾರ ಕಬ್ಬಿಣ ಮುಟ್ಟುವಂತಿಲ್ಲ. ರವಿವಾರ ಅಮಾವಾಸ್ಯೆ. ಸೋಮವಾರ ಅವರ ಉಪವಾಸ. ಮಂಗಳವಾರ ಕತ್ತರಿಯ ಮಾತೇ ಇಲ್ಲ. ಬುಧವಾರ ಮುಂಜಾನೆ ಕಾಕು ತಾವೇ ಫೋನ್ ಮಾಡಿ ಈಗ ಕತ್ತರಿಸಬಹುದು ಎಂದರು. ಅಷ್ಟರಲ್ಲಿ ನಮ್ಮ ಮನೆಯವರು ಕತ್ತರಿಯ ಚಿತ್ರ ಎಲ್ಲಿತ್ತು ಎಂಬುದನ್ನೇ ಮರೆತಿದ್ದರು. ಅದನ್ನು ಹುಡುಕಿ ಕತ್ತರಿಸುವಷ್ಟರಲ್ಲಿ ಸಂಜೆಯಾಯಿತು.

ಉದ್ದನೆಯ ಒಡಪು

ವಿಡಿಯೊವನ್ನು ಎಲ್ಲೋ ಒಂದು ಕಡೆ ಏರಿಸಬೇಕಂತೆ. ಅಲ್ಲಿಂದ ಒಂದು ಕೋಡ್ ಕೊಡುತ್ತಾರಂತೆ. ಅದನ್ನು ತಂದು ನಮ್ಮ ಪುಟದಲ್ಲಿ ಅಂಟಿಸಿದರೆ ಅಲ್ಲಿದ್ದ ವಿಡಿಯೊ ಇಲ್ಲಿ ಕಾಣುತ್ತದಂತೆ. ಅಲ್ಲಿದ್ದದ್ದು ಅಲ್ಲೇ ಇದ್ದು ಇಲ್ಲಿ ಕಾಣುವುದು ಹೇಗೆ ಎಂದು ಕೇಳಿದೆ. ನಿನಗೆ ತಿಳಿಯುವುದಿಲ್ಲ, ಅಂಟಿಸು ಎಂದು ಇವರು ಸ್ನಾನಕ್ಕೆ ಹೋದರು. ನಾನು ಅಂಟಿಸಿದೆ. ಎಲ್ಲಿ ಜಾಗ ಕಂಡಿತೋ ಅಲ್ಲಿ ಅಂಟಿಸಿದೆ. ಕಾಕು ಅವರ ಫೋಟೊದ ಕೆಳಗೆ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳು ಬಂದವು. ವಿಡಿಯೊ ಹೀಗೇ ಬರುತ್ತದೆ, ಆಮೇಲೆ ಕುದ್ದು ಚಿತ್ರವಾಗುತ್ತದೆ ಎಂದುಕೊಂಡು ನಾನು ಅಡುಗೆಗೆ ಹೋದೆ.

ಮಧ್ಯಾಹ್ನ ವೈನಿಯ ಫೋನು ಬಂತು. ಪುಟ ನೋಡಿದ್ದರು, ದನಿಯಲ್ಲಿ ಸಂಶಯವಿತ್ತು.

“ಅಕ್ಕಾರ, ಒಡಪು ಎರಡ ಸಾಲ ಇರತೈತಲ್ಲರಿ? ಕಾಕುಂದು ಭಾಳ ಉದ್ದ ಆಗೈತಿ. ಮತ್ತ ಇಂಗ್ಲಿಷಿನ್ಯಾಗ ಯಾಕ ಹೇಳ್ಯಾರ?”

ಕೀಲಿ

ಇವರು ಅದನ್ನು ಸರಿಪಡಿಸಿದರು. ನಮ್ಮ ಕಂಪ್ಯೂಟರಿನಲ್ಲಿ ಆರು ಹೆಂಗಸರೂ ಆರು ಚೌಕಗಳಲ್ಲಿ ಚೆಂದಾಗಿ ಕೂತರು. ಉಳಿದವರ ಫೋನಿನಲ್ಲಿ ಮಾತ್ರ ಆರು ಕರಿ ಡಬ್ಬಿ, ಒಂದೊಂದಕ್ಕೂ ಕೀಲಿ ಹಾಕಿದ ಚಿತ್ರ. ನಮ್ಮಲ್ಲಿ ಕಾಣುತ್ತದೆ ಎಂದ ಮೇಲೆ ತಪ್ಪು ಅವರ ಫೋನಿನದೇ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ಅದನ್ನು ನಂಬಿ ಒಬ್ಬರು ಸುಲ್ತಾನ್ ಬಜಾರಿನ ಹತ್ತಿರ ಫೋನ್ ರಿಪೇರಿಗೂ ಕೊಟ್ಟು ಬಂದರು. ಇತ್ತ ಕಾಕು ದಿನಾ ಕೇಳುತ್ತಿದ್ದರು, ಕಾಕಾನ ಫೋನಿನಲ್ಲಿ ತಾವು ಯಾವಾಗ ಬರುವುದು ಎಂದು.

ಕಡೆಗೆ ತಿಳಿದದ್ದು ಇದು. ವಿಡಿಯೊ ಏರಿಸುವಾಗ, ಇದನ್ನು ಯಾರು ಯಾರು ನೋಡಬಹುದು ಎಂದು ಕಂಪ್ಯೂಟರ್ ಕೇಳಿದೆ. ಇವರು ‘ಯಾರೂ ಬೇಡ’ ಎಂದು ಒತ್ತಿದ್ದಾರೆ. ಯಾಕೆ ಹಾಗೆ ಮಾಡಿದಿರಿ ಎಂದೆ.

“ಕೇಳಿದವರಿಗೆಲ್ಲಾ ಹಂಗ ಹೇಳಿ ರೂಢಿ ಆಗೇತಿ” ಎಂದರು.

ಇವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿ ಏನು ತಯಾರಾಗುತ್ತಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ದೇಶದ ಗುಟ್ಟಿನ ಜೊತೆಗೆ ಕಾಕು ಅವರ ಒಡಪೂ ಭದ್ರವಾಗಿತ್ತು.

ಎಲ್ಲರೂ ಒಮ್ಮೆಲೇ

ಹಿಂದಿನ ರಾತ್ರಿ ಆರೂ ಕೀಲಿ ತೆಗೆಸಿ, ಸಂಕ್ರಾಂತಿಯ ದಿನ ಉಪ್ಪಲ್ ಕಡೆಯ ಒಂದು ಸಣ್ಣ ಹಾಲ್ ಹಿಡಿದಿದ್ದೆವು. ಗೋಡೆಯ ಮೇಲೆ ಪುಟ ಬೀಳುವ ವ್ಯವಸ್ಥೆ ಆಯಿತು. ಕಾಕು ಅವರು ಹಸಿರು ಇಳಕಲ್ ಸೀರೆ ಉಟ್ಟು, ಕಾಕಾ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿಯನ್ನು ಅವರ ಕುರ್ಚಿಯ ಕೆಳಗೇ ಇಡಿಸಿದರು. ಕಾಕಾನಿಗೆ ಕಿವಿ ಮಂದ. ಕಿವಿಯ ಮಷೀನಿಗೆ ಅವತ್ತೇ ಹೊಸ ಸೆಲ್ ಹಾಕಿಸಿ ತಂದಿದ್ದರು.

ಹೆಂಗಸರಿಗೆ ಒತ್ತಲು ಬರುತ್ತದೋ ಇಲ್ಲವೋ ಎಂದು ನಮ್ಮ ಮನೆಯವರು, ಪುಟ ತೆರೆದ ಕೂಡಲೇ ವಿಡಿಯೊ ತಾನೇ ಶುರುವಾಗುವಂತೆ ಮಾಡಿಟ್ಟಿದ್ದರು. ಆರಕ್ಕೂ ಮಾಡಿಟ್ಟಿದ್ದರು. ಪುಟ ತೆರೆಯಿತು. ಆರು ಹೆಂಗಸರು ಒಮ್ಮೆಲೇ ಬಾಯಿ ತೆರೆದರು. ಯಾರ ಹೋಳಿಗೆಗೆ ಯಾರ ಗಂಡ ಸೇರಿದರೋ, ಯಾರ ಮಲ್ಲಿಗೆ ಯಾರ ಮುಡಿಗೆ ಹೋಯಿತೋ, ಒಂದೂ ತಿಳಿಯಲಿಲ್ಲ. ಗಂಡಸರೆಲ್ಲ ತಮ್ಮ ತಮ್ಮ ಹೆಸರು ಹುಡುಕುತ್ತ ಗೋಡೆ ನೋಡಿದರು. ಇವರು ನಿಲ್ಲಿಸಲೆಂದು ಓಡಿ, ನಿಲ್ಲಿಸುವುದರ ಬದಲು ದನಿ ಏರಿಸಿದರು. ಅಷ್ಟರಲ್ಲಿ ಒಡಪು ಮುಗಿದೇ ಹೋಯಿತು.

ಕಾಕು ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರು ಗಂಡನ ಕಡೆ ತಿರುಗಿ, ಏನಾದರೂ ಕೇಳಿಸಿತೇ ಎಂದು ಸಣ್ಣಗೆ ಕೇಳಿದರು.

“ಚಪ್ಪರಕ್ಕ ಅವರಿ ಬಳ್ಳಿ, ಹೂರಣಕ್ಕ ಬೆಲ್ಲದ ಅಚ್ಚು, ಶಂಕ್ರಪ್ಪನವರಿಗೆ ನನ್ನ ಮ್ಯಾಲೆ ಭಾಳ ಹುಚ್ಚು” ಎಂದರು ಕಾಕಾ, ಒಂದಕ್ಷರ ಬಿಡದೆ.

ಕಾಕು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಮಗೆಲ್ಲ ತಲೆ ಕೆಟ್ಟಿತು. ಅಷ್ಟು ಗದ್ದಲದಲ್ಲಿ ಕಿವಿ ಕೇಳುವ ನಮಗೇ ತಿಳಿಯದ್ದು ಕಾಕಾನಿಗೆ ಹೇಗೆ ತಿಳಿಯಿತು? ನಾನೇ ಅವರ ಕಿವಿಯ ಬಳಿ ಜೋರಾಗಿ ಕೇಳಿದೆ.

ಕಾಕಾ ಮುಷ್ಟಿ ಬಿಚ್ಚಿ ತೋರಿಸಿದರು. ಕಿವಿಯ ಮಷೀನು ಅಂಗೈಯಲ್ಲಿತ್ತು.

“ಗದ್ದಲಕ್ಕ ಇದನ್ನ ತಗದಬಿಟ್ಟೆ. ಉಳಿದವರೆಲ್ಲಾ ಗಪ್ಪಾದ್ರು, ಈಕಿ ಒಬ್ಬಾಕಿ ದನಿ ಕೇಳಸಾಕತ್ತಿತ್ತು. ನಮ್ಮ ಮನ್ಯಾಗೂ ಹಂಗ ಆಗತೈತಿ.”