ದ್ವೀಪದಲ್ಲಿ ನಾನು ಬಾಯಿಬಿಟ್ಟದ್ದು

ಹೆದರುಪುಕ್ಕಲರಲ್ಲಿ ಎರಡು ಬಗೆ. ಹೆದರಿಕೆಯನ್ನು ಒಪ್ಪಿಕೊಂಡು ಮನೆಯಲ್ಲಿ ಸುಖವಾಗಿ ಕುಳಿತಿರುವವರು ಮೊದಲನೆಯವರು. ಹೆದರಿಕೆ ಹೊರಗೆ ಕಾಣದಿರಲೆಂದು ಧೈರ್ಯದ ಮಾತಾಡಿ, ಆ ಮಾತು ಉಳಿಸಿಕೊಳ್ಳಲು ಹೋಗಿ ಸಿಕ್ಕಿಬೀಳುವವರು ಎರಡನೆಯವರು. ನಾನು ಈ ಎರಡನೆಯವನು. ನೀರೆಂದರೆ ಎಳವೆಯಿಂದಲೇ ನನ್ನ ಕೈಕಾಲು ತಣ್ಣಗಾಗುತ್ತದೆ. ಏಳು ವರ್ಷದವನಿದ್ದಾಗ ಯಾವುದೋ ಮದುವೆಗೆಂದು ನೇತ್ರಾವತಿಯನ್ನು ದೋಣಿಯಲ್ಲಿ ದಾಟುವಾಗ, ಮುಂದೆ ಕುಳಿತಿದ್ದ ಅಪರಿಚಿತ ಭಟ್ಟರ ಜುಟ್ಟು ಹಿಡಿದವನು ಆಚೆ ದಡ ಸೇರಿದ ಮೇಲೂ ಬಿಡಲಿಲ್ಲವಂತೆ. ಅವರೇ ಮದುವೆಯ ಪುರೋಹಿತರು. ಮುಹೂರ್ತ ಮೀರುತ್ತದೆಂದು ನನ್ನನ್ನು ಜುಟ್ಟಿನೊಂದಿಗೇ ಮಂಟಪಕ್ಕೆ ಕರೆದೊಯ್ದರಂತೆ.

ಇಂಥ ನಾನು ಐವತ್ತರ ದಶಕದ ಕೊನೆಯಲ್ಲಿ ಮೂಡುಬಿದಿರೆಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಡಿಸೆಂಬರ್ ರಜೆಯ ಹಿಂದಿನ ದಿನ ಅಧ್ಯಾಪಕರ ಕೋಣೆಯಲ್ಲಿ ಒಬ್ಬರು ಮೈಸೂರಿಗೆ ಹೋಗುವವರು, ಇನ್ನೊಬ್ಬರು ಬೇಲೂರಿಗೆ. ನನ್ನ ಸರದಿ ಬಂದಾಗ, "ಗದ್ದಲದ ಊರು ನನಗಾಗದು. ಜನರಿಲ್ಲದ, ಬರೀ ಬಂಡೆಗಳ ದ್ವೀಪವೊಂದು ಸಿಕ್ಕಿದರೆ ಹೋಗಬಹುದು" ಎಂದುಬಿಟ್ಟೆ. ಅಂಥದ್ದು ಸಿಗಲಾರದೆಂಬ ಪೂರ್ಣ ಭರವಸೆ ನನಗಿತ್ತು.

ಮಲ್ಪೆಯವರಾದ ಡ್ರಾಯಿಂಗ್ ಮಾಸ್ತರರು ಕುರ್ಚಿಯಿಂದ ಎದ್ದೇಬಿಟ್ಟರು. "ನಮ್ಮ ಊರಿನ ಎದುರಿಗೇ ಉಂಟಲ್ಲ ಮಾರಾಯ್ರೆ! ಕಂಬ ಕಡೆದು ನಿಲ್ಲಿಸಿದ ಹಾಗೆ ಕಪ್ಪು ಬಂಡೆಗಳು. ಒಂದು ನರಪಿಳ್ಳೆ ಇಲ್ಲ. ಶೀನಣ್ಣನ ದೋಣಿಗೆ ನಾನು ಹೇಳಿ ಇಡ್ತೇನೆ."

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ನನ್ನ ಹೆಂಡತಿ ಸುಮತಿಗೆ ಮುಟ್ಟಿತ್ತು. ಅವಳು ಬಂಟ್ವಾಳದವಳು, ಹೊಳೆಯಲ್ಲಿ ಈಜಿ ಬೆಳೆದವಳು. "ನಿಮಗೆ ಇಷ್ಟು ಧೈರ್ಯ ಉಂಟೂಂತ ಗೊತ್ತೇ ಇರ್ಲಿಲ್ಲ" ಎಂದಳು. ಆ ಮಾತಿನ ಮೇಲೆ ಹಿಂದೆ ಸರಿಯುವ ಗಂಡಸು ಯಾರು?

ದೋಣಿಯ ಪ್ರಯಾಣವನ್ನು ವರ್ಣಿಸಲಾರೆ. ನಾನು ಕಣ್ಣು ಮುಚ್ಚಿದ್ದೆ. ಶೀನಣ್ಣ ನಮ್ಮನ್ನು ಮರಳಿಗೆ ಇಳಿಸಿ, "ನಾನು ಸ್ವಲ್ಪ ಬಲೆ ಬಿಟ್ಟು ಬರ್ತೇನೆ ಮಾಷ್ಟ್ರೆ. ಮೂರು ಗಂಟೆಗೆ ಹೊರಡುವ" ಎಂದು ದೋಣಿಯನ್ನು ತಿರುಗಿಸಿಕೊಂಡು ಹೋದ. ನಾಲ್ಕಾರು ತೆಂಗಿನ ಮರ, ಆರು ಮೂಲೆಯ ಕಪ್ಪು ಕಂಬಗಳ ಸಾಲು ಸಾಲು, ಅವುಗಳ ಸಂದಿಯಲ್ಲಿ ನುಗ್ಗಿ ಗುಡುಗುವ ಕಡಲು. ಇಷ್ಟೇ ಲೋಕ. ಮಕ್ಕಳಿಗೆ ನಾನು ಕಲಿಸುವ ಭೂಗೋಳ ಇಷ್ಟು ಸದ್ದು ಮಾಡುತ್ತದೆಂದು ತಿಳಿದಿರಲಿಲ್ಲ.

ಬುತ್ತಿಯ ಮೊಸರನ್ನ ಮುಗಿಯಿತು. ಮೂರಾಯಿತು. ಮೂರೂವರೆಯಾಯಿತು. ದೋಣಿಯಿಲ್ಲ. ನಾವು ಇಳಿದ ಮರಳಿನ ಪಟ್ಟಿ ನನ್ನ ಕಣ್ಣೆದುರೇ ಕಿರಿದಾಗತೊಡಗಿತು. ಉಬ್ಬರವೆಂದರೇನೆಂದು ಇಪ್ಪತ್ತು ಸಲ ಕರಿಹಲಗೆಯ ಮೇಲೆ ಬರೆದವನು ನಾನು. ಅದು ನನ್ನ ಚಪ್ಪಲಿಯನ್ನು ಎತ್ತಿಕೊಂಡು ಹೋದಾಗ ಮಾತ್ರ ಅರ್ಥವಾಯಿತು. ಸುಮತಿ ಚಿಪ್ಪು ಹೆಕ್ಕುತ್ತೇನೆಂದು ಬಂಡೆಗಳ ಆಚೆ ಹೋದವಳು ಮರಳಿ ಬಂದು ಏನನ್ನೋ ಹೇಳಲು ಬಾಯಿ ತೆರೆದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಸಾಯುವ ಮೊದಲು ಸತ್ಯ ಹೇಳಿಬಿಡಬೇಕು ಅನ್ನಿಸಿತು.

"ಸುಮತೀ, ಎರಡು ವರ್ಷದ ಹಿಂದೆ ನನಗೆ ಬಂಟ್ವಾಳಕ್ಕೆ ವರ್ಗ ಆಗಿತ್ತಲ್ಲ, ಹೆಡ್‌ಮಾಸ್ತರರು ಬಿಡಲಿಲ್ಲ ಅಂತ ಹೇಳಿದ್ದೆನಲ್ಲ. ಅದು ಸುಳ್ಳು. ನಾನೇ ಅರ್ಜಿ ಕೊಟ್ಟು ರದ್ದು ಮಾಡಿಸಿದೆ."

"ಯಾಕೆ?"

"ನಿನ್ನ ಅಮ್ಮನ ಹೆದರಿಕೆಯಿಂದ."

ಒಮ್ಮೆ ಬಾಯಿ ತೆರೆದ ಮೇಲೆ ಅದು ಮುಚ್ಚಲಿಲ್ಲ. ಅತ್ತೆ ಕಳಿಸುವ ಪುಡಿಯ ಕಷಾಯವನ್ನು ನಾನು ಕುಡಿಯುತ್ತಿರಲಿಲ್ಲ, ಬಾಳೆಯ ಬುಡಕ್ಕೆ ಹಾಕುತ್ತಿದ್ದೆ. ಕಳೆದ ದೀಪಾವಳಿಗೆ ಅವರ ಮನೆಗೆ ಹೋಗದಿರಲು ಬಂದ ಜ್ವರವೂ ಜ್ವರವಲ್ಲ. ಎಲ್ಲವನ್ನೂ ಹೇಳಿ, ಕಣ್ಣೊರೆಸಿಕೊಂಡು, "ಕ್ಷಮಿಸಿದ್ದೇನೆ ಅಂತ ಒಂದು ಮಾತು ಹೇಳು" ಎಂದೆ.

ಸುಮತಿ ಸೆರಗಿನಲ್ಲಿದ್ದ ಚಿಪ್ಪುಗಳನ್ನು ಗಂಟು ಕಟ್ಟಿ, "ಏಳಿ, ಹೋಗುವ" ಎಂದಳು.

"ಎಲ್ಲಿಗೆ?"

"ದೋಣಿಗೆ. ಈ ಕಡೆ ಅಲೆ ಜೋರು ಅಂತ ಶೀನಣ್ಣ ಆ ಕಡೆ ಕಟ್ಟಿ ಕೂತಿದ್ದಾನೆ. ಮೂರು ಗಂಟೆಯಿಂದ ಕಾಯ್ತಾ ಇದ್ದಾನಂತೆ. ಅದನ್ನು ಹೇಳ್ಲಿಕ್ಕೇ ಬಂದದ್ದು ನಾನು."

"ಮತ್ತೆ ಮೊದಲೇ ಹೇಳಬಾರದಿತ್ತಾ?"

"ನೀವು ಮಾತಾಡ್ತಾ ಇದ್ರಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡುವಾಗ ಮಧ್ಯೆ ಬಾಯಿ ಹಾಕುವುದು ಹೇಗೆ?"

ಹಿಂದಿರುಗುವಾಗ ಕಡಲು ಇನ್ನೂ ಒರಟಾಗಿತ್ತು. ಆದರೆ ನನಗೆ ಅದರ ಕಡೆ ಗಮನವೇ ಹೋಗಲಿಲ್ಲ. ಸುಮತಿ ದಡ ಸೇರುವವರೆಗೆ ದೂರ ನೋಡುತ್ತಾ, ಸಣ್ಣಗೆ ನಗುತ್ತಾ ಕುಳಿತಿದ್ದಳು. ಆ ನಗುವಿನಷ್ಟು ಭಯಂಕರವಾದದ್ದನ್ನು ನಾನು ಕಡಲಿನಲ್ಲಿ ಬೇರೆ ಕಾಣಲಿಲ್ಲ.

ರಜೆ ಮುಗಿದ ದಿನವೇ ಬಂಟ್ವಾಳಕ್ಕೆ ವರ್ಗ ಕೇಳಿ ಅರ್ಜಿ ಬರೆದೆ. ಕಾರಣ ಎಂಬಲ್ಲಿ 'ಕೌಟುಂಬಿಕ' ಎಂದು ನಮೂದಿಸಿದೆ. ಪ್ರಾಣಭಯ ಎಂದು ಬರೆದರೆ ಇಲಾಖೆಯವರು ವಿವರ ಕೇಳುತ್ತಾರೆ.