ಮಂಚಯ್ಯ ರಿಪೇರಿ ಮಾಡಿದ ಗಾಜು

ಲೋಕದಲ್ಲಿ ತಿರುಗಬೇಕಾದ ಯಾವ ಮೋಟರೂ ತನ್ನ ಕೈ ಬಿದ್ದ ಮೇಲೆ ಸುಮ್ಮನೆ ಕೂತದ್ದಿಲ್ಲ ಎಂಬುದು ಕೆ.ಆರ್. ಪೇಟೆಯ ಪಂಪ್‌ಸೆಟ್ ರಿಪೇರಿ ಮಂಚಯ್ಯನ ಅಚಲ ನಂಬಿಕೆ. ಹೀಗಿರುವಾಗ ತೊಂಬತ್ತೇಳರಲ್ಲಿ ಮೈಸೂರಿನ ಡಾಕ್ಟರೊಬ್ಬರಿಂದ ಕೊಂಡ ಹಳೇ ಕಾರಿನ ಹಿಂಬಾಗಿಲ ಗಾಜು, ಗುಂಡಿ ಒತ್ತಿದರೂ ಮಿಸುಕದೆ ಹೋದಾಗ ಆತ ಬೇರೆ ಮೆಕ್ಯಾನಿಕ್ಕನ ಹತ್ತಿರ ಹೋಗುವುದುಂಟೇ!

"ಬಾಗ್ಲೊಳ್ಗೆ ಒಂದು ಪುಟಾಣಿ ಮೋಟ್ರು ಕುಂತದೆ. ಕರೆಂಟು ಇಂಗೆ ಅರಿದ್ರೆ ಗಾಜು ಮೇಲಕ್ಕೆ, ಅಂಗೆ ಅರಿದ್ರೆ ಕೆಳಕ್ಕೆ. ಐದು ಎಚ್‌ಪಿ ಮೋಟ್ರು ಬಿಚ್ಚೋನ್ಗೆ ಇದ್ಯಾವ ಲೆಕ್ಕ?" ಎಂದ.

"ನಾಳೆ ಅಣ್ಣಯ್ಯನ್ನ ನೋಡಕ್ಕೋಗ್ಬೇಕು. ಇವತ್ತು ಅದ ಕೆಣಕ್ಬೇಡಿ," ಎಂದಳು ಹೆಂಡತಿ ಪುಟ್ಟತಾಯಮ್ಮ.

ಕೆಣಕಿದ. ಮೋಟರು ಎದ್ದಿತು. ಆದರೆ ಎರಡು ತಂತಿ ಅದಲು ಬದಲಾಗಿ ಸೇರಿ, ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಜು ಮೇಲೇರುತ್ತಿತ್ತು. ಸರಿಮಾಡುವುದು ಅವನಿಗೆ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸು. ಆದರೆ ಬಾಗಿಲನ್ನು ಮತ್ತೆ ಬಿಚ್ಚಿದರೆ ತಪ್ಪಾದದ್ದು ಹೆಂಡತಿಗೆ ಗೊತ್ತಾಗುತ್ತದಲ್ಲ! ತಿರುಪು ಮೊಳೆ ಬಿಗಿದು, ಬಾಯಿ ಮುಚ್ಚಿಕೊಂಡ.

ಪುಟ್ಟತಾಯಮ್ಮನಿಗೂ ಅಣ್ಣ ಚಿಕ್ಕಸ್ವಾಮಿಗೂ ಮಾತು ಬಿಟ್ಟು ಆರು ವರ್ಷ. ಈಗ ಅವನ ಮಗಳ ಮದುವೆ. ಹಿರಿಯರು ಹೇಳಿ ಹೇಳಿ, ಕೊನೆಗೆ ಅವನು ಇಷ್ಟಕ್ಕೆ ಒಪ್ಪಿದ್ದ: ತಾನು ಅವಳ ಹೊಸಿಲು ತುಳಿಯುವುದಿಲ್ಲ, ಕರೆಯುವ ತನಕ ಅವಳು ತನ್ನ ಹೊಸಿಲಿಗೆ ಬರುವುದೂ ಬೇಡ, ಬೆಳ್ಳೂರು ಕ್ರಾಸಿನಲ್ಲಿ ಕುಂಕುಮ ಕೊಟ್ಟು ಕರೆಯುತ್ತಾನೆ. ಅಷ್ಟರ ಸಡಗರಕ್ಕೇ ಅವಳಿಗೆ ಎರಡು ದಿನದಿಂದ ಊಟ ಸೇರಿರಲಿಲ್ಲ.

ಮರುದಿನ ಕ್ರಾಸಿನ ಹೋಟೆಲ್ ಮುಂದೆ ಮಂಚಯ್ಯ ಮಹಾರಾಜರ ಠೀವಿಯಲ್ಲಿ ಕಾರು ನಿಲ್ಲಿಸಿದ. ಹಿಂದೆ ಕೂತಿದ್ದ ಪುಟ್ಟತಾಯಮ್ಮ ಇಳಿಯುವಷ್ಟರಲ್ಲಿ ಚಿಕ್ಕಸ್ವಾಮಿಯೇ ಬಾಗಿಲ ಬಳಿ ಬಂದು, ಅರ್ಧ ತೆರೆದ ಗಾಜಿನ ಮೇಲಿಂದ ಕುಂಕುಮದ ಬಟ್ಟಲು ಚಾಚಿದ.

"ತಗಳವ್ವ," ಎಂದ.

ಗಾಜು ಪೂರ್ತಿ ಇಳಿಯಲೆಂದು ಅವಳು ಗುಂಡಿಯನ್ನು ಕೆಳಕ್ಕೆ ಒತ್ತಿದಳು. ಗಾಜು ಮೇಲೇರಿ ಅಣ್ಣನ ಕೈ ಹಿಡಿಯಿತು! ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿದಳು. ಅದು ಇನ್ನೂ ಜೋರಾಗಿ ಹಿಡಿಯಿತು! ಅವನು ಕೈ ಕಿತ್ತುಕೊಂಡ, ಬಟ್ಟಲು ಮಗುಚಿತು, ಗಾಜು ಅವನ ಮುಖದೆದುರೇ ಪೂರ್ತಿ ಮುಚ್ಚಿಕೊಂಡಿತು.

ಅವಳು ಬಾಗಿಲು ತೆರೆದು ಇಳಿದಳು. ಸೀರೆಯೆಲ್ಲ ಕುಂಕುಮ. "ಇಳಿಸಕ್ಕೆ ಅಂತ್ಲೇ ಒತ್ತಿದ್ದು ಅಣ್ಣಯ್ಯ."

ಜನ ಸೇರಿದರು. ಅರ್ಧಕ್ಕರ್ಧ ಮಂಚಯ್ಯನಲ್ಲಿ ಮೋಟರು ರಿಪೇರಿ ಮಾಡಿಸುವವರೇ.

"ಗಾಡೀಲೇನಾರ ದೋಸ ಐತಾ, ಭಾವ?" ಎಂದ ಚಿಕ್ಕಸ್ವಾಮಿ. ಹೌದೆಂದುಬಿಡು ಎಂದು ಅವನ ಕಣ್ಣು ಬೇಡುತ್ತಿತ್ತು.

ಹೌದು ಎನ್ನಲು ಎಷ್ಟು ಹೊತ್ತು ಬೇಕು? ಮಂಚಯ್ಯ ಜನರತ್ತ ನೋಡಿದ, ಗಂಟಲು ಸರಿಮಾಡಿಕೊಂಡ. "ನಾನ್ ರಿಪೇರಿ ಮಾಡಿದ್ದು ಕೆಡೋದುಂಟಾ? ಎಲ್ಲ ಸರಿಯಾಗೇ ಅದೆ."

ಚಿಕ್ಕಸ್ವಾಮಿ ತಂಗಿಯ ಮುಖ ಒಮ್ಮೆ ನೋಡಿ, ಕೈ ನೀವಿಕೊಳ್ಳುತ್ತ ನಡೆದುಬಿಟ್ಟ.

ಎಂಟು ದಿನಕ್ಕೆ ಲಗ್ನಪತ್ರಿಕೆ ಅಂಚೆಯಲ್ಲಿ ಬಂತು. ಮೇಲೆ ಮಂಚಯ್ಯನ ಹೆಸರೊಂದೇ. ಒಳಗೆ 'ಸಕುಟುಂಬ' ಎಂಬ ಮಾತನ್ನು ಪೆನ್ನಿನಿಂದ ಹೊಡೆದುಹಾಕಿದ್ದರು. ಮಂಚಯ್ಯ ಅದನ್ನು ಹಿಡಿದುಕೊಂಡೇ ಅಡುಗೆಮನೆ ಬಾಗಿಲಲ್ಲಿ ನಿಂತು, "ತಪ್ಪು ನಂದು ಕಣೆ. ಆ ತಂತಿ ನಾನೇ ಅದ್ಲು ಬದ್ಲು ಕೊಟ್ಬುಟ್ಟಿದ್ದೆ," ಎಂದ.

ಪುಟ್ಟತಾಯಮ್ಮ ಮುದ್ದೆ ತೊಳಸುವುದನ್ನು ನಿಲ್ಲಿಸಲಿಲ್ಲ.

"ಅಲ್ಲೇ ಗೊತ್ತಾಯ್ತು ಬುಡಿ. ಲಗ್ನಕ್ಕೆ ನೀವೋಗಿ ಉಂಡ್ಕಂಡು ಬನ್ನಿ. ಅಣ್ಣಯ್ಯ ಕರ್ದಿರೋದು ನಿಮ್ಮನ್ನೇ."