ಭಾವನವರ ಭಾನುವಾರದ ಯುದ್ಧಗಳು

ನಮ್ಮ ಭಾವ ಇದುವರೆಗೆ ಒಂದು ಜಿರಲೆಯನ್ನೂ ಕೊಂದವರಲ್ಲ. ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು, ಲಿಫ್ಟಿನಲ್ಲಿ ಕೆಳಗಿಳಿಸಿ, ಬೀದಿಗೆ ಬಿಟ್ಟು ಬರುವ ಪೈಕಿ. ಆದರೆ ಕೊಲ್ಲಿನಾಡಿನ ದೇರಾದ ಅವರ ಫ್ಲಾಟಿನಲ್ಲಿ ಪ್ರತಿ ಭಾನುವಾರ ಕನಿಷ್ಠ ನಲವತ್ತು ಜನರ ಹೆಣ ಬೀಳುತ್ತಿತ್ತು ಎಂದರೆ ನಂಬುತ್ತೀರಾ?

ನಂಬಲೇಬೇಕು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ವಾರವಿಡೀ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ರಜೆಯ ದಿನ ಯುರೋಪಿನ ಹಳೆಯ ಯುದ್ಧಚಿತ್ರಗಳನ್ನು ಕೈಯಿಂದಲೇ ನಕಲು ಮಾಡುವ ಕಲಾವಿದ. ದೇರಾದ ಒಂದು ಫ್ರೇಮಿನ ಅಂಗಡಿಯವರು ಆರ್ಡರ್ ತರುತ್ತಿದ್ದರು, ಇವರು ಬಿಡಿಸುತ್ತಿದ್ದರು. “ಯುದ್ಧವೇ ಯಾಕೆ ಭಾವ? ಹೂವು, ಹಣ್ಣು ಆಗುವುದಿಲ್ಲವಾ?” ಎಂದರೆ, “ಹೂ ಬಿಡಿಸುವವರು ಸಾವಿರ ಜನ ಇದ್ದಾರೆ ಮಾರಾಯ್ರೆ. ಓಡುವ ಕುದುರೆಗೆ ನಾಲ್ಕೂ ಕಾಲು ಸರಿ ಇಡುವವರು ಎಷ್ಟು ಜನ ಇದ್ದಾರೆ, ಹೇಳಿ” ಎನ್ನುತ್ತಿದ್ದರು.

ಈ ಕುದುರೆ ಕಾಲಿನ ಹುಚ್ಚು ಸಾಮಾನ್ಯದ್ದಲ್ಲ. ಒಮ್ಮೆ ನನ್ನ ಕಾರಿನಲ್ಲಿ ಅಬುಧಾಬಿ ಕಡೆಯ ಒಂದು ಕುದುರೆ ಲಾಯಕ್ಕೆ ನನ್ನನ್ನು ಹೊರಡಿಸಿದರು. ಉರಿಬಿಸಿಲಿನಲ್ಲಿ ಎರಡು ಗಂಟೆ ಬೇಲಿ ಹಿಡಿದು ನಿಂತೆವು. ಲಾಯದವನಿಗೆ ಆಸೆ ಹುಟ್ಟಿತು. “ಖರೀದಿ ಮಾಡ್ತೀರಾ?” ಎಂದು ಹಿಂದಿಯಲ್ಲಿ ಕೇಳಿದ. “ಇಲ್ಲ, ನನಗೆ ಎಡಗಡೆಯ ಹಿಂಗಾಲು ಮಾತ್ರ ಬೇಕಿತ್ತು” ಎಂದರು ಭಾವ! ಅವನು ಕುದುರೆಯನ್ನು ಒಳಗೆ ಕಟ್ಟಿಹಾಕಿ ಬಾಗಿಲು ಮುಚ್ಚಿಕೊಂಡ.

ನಕಲು ಎಂದರೆ ನಕಲು. ಮೂಲದಲ್ಲಿ ಕೋಟಿಗೆ ಒಂಬತ್ತು ಗುಂಡಿ ಇದ್ದರೆ ಇಲ್ಲೂ ಒಂಬತ್ತೇ. ಒಬ್ಬ ಗಿರಾಕಿ, ತನ್ನ ಸೋಫಾ ಬಿಳಿ ಬಣ್ಣದ್ದು, ಸ್ವಲ್ಪ ಹೊಗೆ ಕಡಿಮೆ ಮಾಡಿ ಎಂದನಂತೆ. “ಸೋಫಾ ಬದಲಾಯಿಸಿ” ಎಂದು ಹೇಳಿ ಕಳಿಸಿದರು. ‘ಮೂಲದ ಹಾಗಿಲ್ಲ’ ಎಂಬ ಮಾತನ್ನು ಇಪ್ಪತ್ತು ವರ್ಷಗಳಲ್ಲಿ ಒಬ್ಬನ ಬಾಯಿಂದಲೂ ಕೇಳಿಲ್ಲ ಎನ್ನುವುದೇ ಅವರ ಆಸ್ತಿ.

ಗಿರಾಕಿ ಕೊಡುವ ಫೋಟೋದಲ್ಲಿ ಕಡಲೆಕಾಳಿನಷ್ಟಿರುವ ಮುಖ ಕ್ಯಾನ್ವಾಸಿನಲ್ಲಿ ತೆಂಗಿನಕಾಯಿಯಷ್ಟಾಗಬೇಕು. ಅದಕ್ಕಾಗಿ ಫ್ಲಾಟಿನಲ್ಲಿ ಜೊತೆಗಿದ್ದವರೆಲ್ಲ ಸೈನ್ಯಕ್ಕೆ ಭರ್ತಿ. ಸೂಪರ್‌ಮಾರ್ಕೆಟಿನ ಕ್ಯಾಷಿಯರ್ ಸೋಫಾದ ಕೈ ಮೇಲೆ ಸವಾರನಾಗಿ ಕೂತು ಸೇನಾಪತಿಯಾದ. ನೆಲ ಒರೆಸುವ ಕೋಲು ಹಿಡಿದು ಮಲಯಾಳಿ ಇಲೆಕ್ಟ್ರಿಷಿಯನ್ ಈಟಿಯವನಾದ. ನಲ್ಲಿ ಸೋರುತ್ತದೆಯೆಂದು ನೋಡಲು ಬಂದ ವಾಚ್‌ಮನ್ ಒಂದು ಗಂಟೆ ಬಾವುಟ ಹಿಡಿದು ನಿಂತ. ನಲ್ಲಿ ಈಗಲೂ ಸೋರುತ್ತಿದೆ.

ಇಷ್ಟರಲ್ಲಿ ನನ್ನ ಹೃದಯ ಕೈಕೊಟ್ಟಿತು. ಸ್ಟೆಂಟ್ ಹಾಕಿಸಿಕೊಂಡು ಊದ್ ಮೇಥಾ ಬಡಾವಣೆಯ ನಮ್ಮ ಮನೆಯಲ್ಲಿ ಮಲಗಿದ್ದೆ. ಆಸ್ಪತ್ರೆಯಲ್ಲಿ ಮೂರು ದಿನ ಕುರ್ಚಿ ಬಿಟ್ಟು ಏಳದೆ ಕಾದಿದ್ದ ಭಾವ ತಿಂಗಳು ಕಳೆಯುತ್ತಲೇ ಬಂದು, “ಹೇಗೂ ಮಲಗಿಯೇ ಇದ್ದೀರಿ. ನಮ್ಮಲ್ಲಿ ಬಂದು ಮಲಗಿದ್ರೆ ಆಗುದಿಲ್ವಾ? ಚಿತ್ರದಲ್ಲಿ ಎದುರಿಗೇ ಒಬ್ಬ ಸತ್ತು ಬಿದ್ದಿದ್ದಾನೆ, ಅವನ ತೋಳು ನನಗೆ ಸರಿ ಕೂರ್ತಾ ಇಲ್ಲ” ಎಂದರು. ವಿಶ್ರಾಂತಿಗೆಂದು ಹೆಂಡತಿಗೆ ಹೇಳಿ ಹೋಗಿ, ಎರಡು ಭಾನುವಾರ ಕಾರ್ಪೆಟ್ಟಿನ ಮೇಲೆ ವೀರಮರಣ ಹೊಂದಿದೆ. ಗೊರಕೆ ಹೊಡೆದದ್ದಕ್ಕೆ ಬೈಸಿಕೊಂಡೆ ಕೂಡ.

ಅದು ಅವರ ಕೊನೆಯ ಚಿತ್ರ. ವೀಸಾ ಮುಗಿಯುತ್ತಿತ್ತು, ಊರಿಗೆ ಹೊರಟಿದ್ದರು. ಅಷ್ಟು ವರ್ಷಗಳ ಯುದ್ಧಗಳೆಲ್ಲ ಯಾರ್‍ಯಾರದೋ ಬಂಗಲೆ ಸೇರಿದ್ದವು. ಇದೊಂದು ಮಾತ್ರ ಅಬುಧಾಬಿಯ ಒಂದು ದೊಡ್ಡ ಹೋಟೆಲಿನ ಲಾಬಿಗೆ. ನಾಲ್ಕು ಜನ ನಿಂತು ನೋಡುವ ಗೋಡೆ!

ಹೋಟೆಲಿನವರ ಕಡೆಯ ಮಹಿಳೆ ಟ್ಯಾಬಿನಲ್ಲಿ ಮೂಲಚಿತ್ರ ಹಿಡಿದು ಬಂದು ಇಂಚಿಂಚೂ ತಾಳೆ ನೋಡಿದರು. ಕೊನೆಗೆ ನನ್ನ ಬಳಿ, ಅಂದರೆ ಚಿತ್ರದ ನನ್ನ ಬಳಿ, ನಿಂತರು. “ಎಲ್ಲಾ ಸರಿ ಇದೆ. ಆದರೆ ಇವನು ಸತ್ತಿಲ್ಲ. ಮಲಗಿದ್ದಾನೆ. ಮೂಲದ ಹಾಗಿಲ್ಲ.”

ನಿಜ. ಕೆನ್ನೆಯಲ್ಲಿ ರಕ್ತ ಆಡುತ್ತಿತ್ತು, ತುಟಿ ಕೆಂಪಗಿತ್ತು. ಜೊತೆಗೆ ಬಂದಿದ್ದ ಫ್ರೇಮಿನ ಅಂಗಡಿಯ ಬ್ಯಾರಿ ಸಾಹೇಬರು, “ಎಂತದು ಇದು? ನಾಡಿದ್ದಿಗೆ ಇವನನ್ನು ಸಾಯಿಸಿ ಕೊಡಿ, ಇಲ್ಲದಿದ್ರೆ ಆರ್ಡರ್ ಖಲಾಸ್!” ಎಂದು ತಲೆ ಚಚ್ಚಿಕೊಂಡರು.

ಅವರು ಹೋದ ಮೇಲೆ ನಾನೇ ಹೇಳಿದೆ: “ಸ್ವಲ್ಪ ಬೂದಿ ಬಣ್ಣ ಅಲ್ವಾ ಭಾವ? ಸಾಯಿಸಿಬಿಡಿ. ನನಗೇನೂ ಬೇಸರ ಇಲ್ಲ.”

“ನೋಡುವ” ಎಂದರು. ಮುಖ ನೋಡಲಿಲ್ಲ.

ಮೂರನೆಯ ದಿನ ಹೋದಾಗ ಚಿತ್ರದಲ್ಲಿ ನಾನಿರಲಿಲ್ಲ. ಆ ಜಾಗದಲ್ಲಿ ಬೋಳುತಲೆಯ, ದಪ್ಪ ಮೀಸೆಯ ಮುದುಕನೊಬ್ಬ ಬಿದ್ದಿದ್ದ. ಕೆನ್ನೆ ಬೂದಿ, ತುಟಿ ನೀಲಿ. ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಕನ್ನಡಿಯ ಮುಂದೆ ಭಾವ ಬ್ರಶ್ ತೊಳೆಯುತ್ತಿದ್ದರು.

“ಇದೆಂತ ಭಾವ, ನೀವು?”

“ನಿಮ್ಮ ಮುಖಕ್ಕೆ ಆ ಬಣ್ಣ ಹಾಕ್ಲಿಕ್ಕೆ ಮೂರು ಸಲ ಬ್ರಶ್ ಎತ್ತಿದೆ, ಕೈ ಬರ್ಲಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಅದೇ ಬಣ್ಣ ನೋಡಿದ್ದೇನಲ್ಲ, ಸಾಕು. ನನ್ನದಾದ್ರೆ ಯಾರನ್ನೂ ಕೇಳ್ಬೇಕಂತ ಇಲ್ಲ.”

ಹೋಟೆಲಿನ ಮಹಿಳೆ ಬಂದು, “ಹಾಂ! ಈಗ ಪೂರ್ತಿ ಸತ್ತಿದ್ದಾನೆ!” ಎಂದು ಮೆಚ್ಚಿಕೊಂಡರು. ಮೊದಲ ಬಹುಮಾನ ಬಂದವರಂತೆ ಭಾವ ನಕ್ಕರು.

ಅವರು ಊರಿಗೆ ಹೋಗಿ ಎರಡು ತಿಂಗಳಾದ ಮೇಲೆ ಹೆಂಡತಿಯನ್ನು ಆ ಲಾಬಿಗೆ ಕರೆದುಕೊಂಡು ಹೋದೆ. ನಡೆದದ್ದನ್ನು ಅಲ್ಲಿಯೇ ನಿಂತು ಹೇಳಿದೆ. ಅವಳು ಆ ಬೂದಿ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೊಬೈಲ್ ತೆಗೆದು ಊರಿಗೆ ಫೋನ್ ಮಾಡಿದಳು.

“ಅಣ್ಣಾ, ಊಟ ಆಯ್ತಾ?”

ಆಯಿತು ಎಂದಿರಬೇಕು. ಅವಳು ಸೆರಗಿನಿಂದ ಮೂಗೊರೆಸಿಕೊಂಡು, ಮತ್ತೆ ಅದನ್ನೇ ಕೇಳಿದಳು.